ಗುಳಿಗೆ ಬಿಡಿಸುವವರು ಯಾರು?



ಸ್ತನದ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಮುಗಿಸಿ ಬದಲಾಪುರದ ಮನೆಗೆ ಮರಳಿದ ಹೆಂಗಸಿಗೆ ನಾವು ಹೇಳುವುದೇನು? “ಗುಣವಾಯಿತಲ್ಲ, ಇನ್ನೇಕೆ ಗುಳಿಗೆ?” ಮಾತು ಪ್ರೀತಿಯದು, ಮಾಡುವುದು ಘಾತ.

ಅನೇಕ ಸ್ತನದ ಗಡ್ಡೆಗಳು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಉಂಡು ಬೆಳೆಯುವಂಥವು. ಗಡ್ಡೆ ತೆಗೆದ ಮೇಲೂ ಕಣ್ಣಿಗೆ ಕಾಣದ ಕಣಗಳು ಉಳಿದಿರಬಹುದು. ಟ್ಯಾಮಾಕ್ಸಿಫೆನ್ ಗುಳಿಗೆ ಅವುಗಳ ಬಾಯಿ ಕಟ್ಟುತ್ತದೆ. 5 ವರ್ಷ ನುಂಗಿದರೆ ಮುಂದಿನ 15 ವರ್ಷಗಳಲ್ಲಿ ಈ ರೋಗದಿಂದ ಸಾಯುವ ಸಂಭವ ಸುಮಾರು ಮೂರನೆಯ ಒಂದು ಪಾಲು ತಗ್ಗುತ್ತದೆಂದು 2011ರಲ್ಲಿ ಪ್ರಕಟವಾದ ಲೆಕ್ಕ ತೋರಿಸಿದೆ. ಕೆಲವರಿಗೆ 10 ವರ್ಷವೂ ಬೇಕು.

ಹಾಗಿದ್ದೂ ಗುಳಿಗೆ ನಿಲ್ಲುವುದೇಕೆ? ಮೈ ಕಾದು ಬೆವರುತ್ತದೆ; ಒಲೆಯ ಮುಂದೆ ನಿಲ್ಲಲಾಗದು. ಪರೇಲದ ಟಾಟಾ ಆಸ್ಪತ್ರೆಗೆ ಲೋಕಲ್ ಗಾಡಿಯಲ್ಲಿ ಹೋಗಿಬರಲು ಇಡೀ ದಿನ ಬೇಕು. ಜೊತೆಗೆ ಹೋದ ಗಂಡನ ಅಂದಿನ ಪಗಾರವನ್ನು ಧಣಿ ಕಡಿಯುತ್ತಾನೆ. ಮುಂದಿನ ಸಲ ಗಂಡನೂ ಗೊಣಗುತ್ತಾನೆ. ಕೊನೆಗೆ “ಅವಳೇ ಅಲಕ್ಷ್ಯ ಮಾಡಿದಳು” ಎಂದು ನಾವೇ ತೀರ್ಪು ಕೊಡುತ್ತೇವೆ!

ಅಲಕ್ಷ್ಯ ಅವಳದಲ್ಲ, ನಮ್ಮದು. ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟವರ ಪಗಾರದಿಂದ ವಂತಿಗೆ ಹೋಗುತ್ತದೆ. ಅವರ ಕುಟುಂಬಕ್ಕೆ ಔಷಧೋಪಚಾರ ಹಕ್ಕು, ಭಿಕ್ಷೆಯಲ್ಲ. ಕೇಳಿ ಪಡೆಯಿರಿ. ತಪಾಸಣೆಯ ದಿನಕ್ಕೆ ಪಗಾರಿ ರಜೆ ಬೇಕೆಂದು ಧಣಿಗಳ ಮುಂದೆ ಒಟ್ಟಾಗಿ ನಿಲ್ಲೋಣ. ಕಾಲು ಬಾತರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಅಂದೇ ಡಾಕ್ಟರಿಗೆ ತೋರಿಸಿ. ಗುಳಿಗೆ ನಿಲ್ಲಿಸುವ ಮಾತು ಅವರದು, ನೆರೆಮನೆಯವರದಲ್ಲ.

ದಿನವೂ ಆ ಗುಳಿಗೆಯ ನೆನಪು ಮಾಡುವ ಕೆಲಸ ಇನ್ನು ಗಂಡಸರದಾಗಲಿ.