ಮುಖಪುಟದ ಮೇಲೆ ಯಾರ ಮುಖ?

ದೀಪಾವಳಿ ಬಂತೆಂದರೆ ಚಿಕ್ಕಬಳ್ಳಾಪುರ, ಚಿಂತಾಮಣಿಗಳ ಪತ್ರಿಕೆಯಂಗಡಿಗಳಲ್ಲಿ ವಿಶೇಷಾಂಕಗಳು ಸಾಲಾಗಿ ತೂಗುತ್ತವೆ. ಕೊಳ್ಳುವವರು ಕೆಲವರು, ನೋಡಿಕೊಂಡು ಹೋಗುವವರು ಹಲವರು. ಅಕ್ಷರ ಬಾರದವರೂ ಓದಬಲ್ಲ ಪುಟವೆಂದರೆ ಮುಖಪುಟವೊಂದೇ. ಆದುದರಿಂದ ಅದನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವಂತಿಲ್ಲ. ಯಾರು ಗೌರವಕ್ಕೆ ಅರ್ಹರು, ಯಾರ ಬಾಳು ಚೆಂದ, ಯಾವ ಮೈಬಣ್ಣ ಮೇಲು ಎಂಬ ತೀರ್ಪನ್ನು ಅದು ಸದ್ದಿಲ್ಲದೆ ಸಾರುತ್ತಿರುತ್ತದೆ.

ಆ ತೀರ್ಪು ಎಂತಹದೆಂದು ನೋಡೋಣ. ಹಬ್ಬದ ಸಂಚಿಕೆಗಳ ಮೇಲೆ ನಾವು ಮತ್ತೆ ಮತ್ತೆ ಕಾಣುವುದು ರೇಷ್ಮೆ ಸೀರೆಯುಟ್ಟು, ಹಣತೆ ಹಿಡಿದು ನಗುವ ಬೆಳ್ಳನೆಯ ಹೆಣ್ಣುಮಗಳನ್ನು. ಹಬ್ಬದ ಸಂತೋಷಕ್ಕೆ ನಮ್ಮ ಆಕ್ಷೇಪಣೆಯೇನೂ ಇಲ್ಲ. ಆದರೆ ಆ ಸೀರೆಯ ನೂಲು ಎಲ್ಲಿಂದ ಬಂತು? ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಅಲ್ಲಿ ಹರಾಜಾದ ಗೂಡು ನೂಲು ಬಿಚ್ಚುವ ಘಟಕಗಳಿಗೆ ಹೋಗುತ್ತದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಬೇಕು, ಎಳೆಯ ತುದಿ ಹುಡುಕಬೇಕು, ಹಲವು ಎಳೆಗಳನ್ನು ಕೂಡಿಸಿ ರಾಟೆಗೆ ಕೊಡಬೇಕು. ದಿನವಿಡೀ ಬಿಸಿನೀರಿನಲ್ಲಿ ಅದ್ದಿದ ಬೆರಳುಗಳ ಚರ್ಮ ಸುಲಿಯುತ್ತದೆ. ಸತ್ತ ಹುಳುವಿನ ನಾತ, ಒಲೆಯ ಹೊಗೆ, ಹಬೆ ಇವೆಲ್ಲವೂ ಎದೆಗೇ ಇಳಿಯುತ್ತವೆ. ಹೀಗೆ ದುಡಿಯುವವರಲ್ಲಿ ಹೆಂಗಸರು ಬಹಳ ಮಂದಿ. ಸೀರೆಗೆ ಮುಖಪುಟದಲ್ಲಿ ಸ್ಥಾನ ದೊರೆಯಿತು. ಅದರ ನೂಲು ಬಿಚ್ಚಿದ ಕೈಗೆ ದೊರೆಯಲಿಲ್ಲ. ನಮ್ಮ ತಕರಾರು ಇಷ್ಟೇ.

‘ಕೂಲಿಯವರ ಮುಖ ಹಾಕಿದರೆ ಪತ್ರಿಕೆ ಮಾರಾಟವಾಗದು’ ಎಂಬುದು ಪತ್ರಿಕೋದ್ಯಮಿಗಳ ಹಳೆಯ ವಾದ. ಕನ್ನಡ ಪತ್ರಿಕೆಗಳ ಚರಿತ್ರೆ ಇದನ್ನು ಒಪ್ಪುವುದಿಲ್ಲ. 1942ರಲ್ಲಿ ಡಾ. ಎಂ. ಶಿವರಾಂ ಅವರು ತಮ್ಮ ಹಾಸ್ಯ ಮಾಸಿಕಕ್ಕೆ ಬೀದಿ ಬೀದಿಯಲ್ಲಿ ಕಣಿ ಹೇಳುವ ಕೊರವಂಜಿಯ ಹೆಸರನ್ನೇ ಇಟ್ಟರು. ತರುಣ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಆ ಪತ್ರಿಕೆ ಕಾಲು ಶತಮಾನ ಬಾಳಿತು. 1980ರಲ್ಲಿ ಪಿ. ಲಂಕೇಶರು ಹೊರಡಿಸಿದ ವಾರಪತ್ರಿಕೆ ಜಾಹೀರಾತನ್ನೇ ಒಲ್ಲೆನೆಂದು, ಓದುಗರು ಕೊಟ್ಟ ಕಾಸಿನ ಮೇಲೆ ನಿಂತಿತು. ಹಾಗಾದರೆ ನಿಜವಾದ ಅಡ್ಡಿ ಓದುಗನಲ್ಲ, ಜಾಹೀರಾತುದಾರ. ಒಳಪುಟದಲ್ಲಿ ಮುಖ ಬೆಳ್ಳಗಾಗಿಸುವ ಮುಲಾಮನ್ನು ಮಾರಬೇಕಾಗಿರುವಾಗ ಹೊರಪುಟದಲ್ಲಿ ಬಿಸಿಲಿಗೆ ಕಪ್ಪಾದ ಮುಖ ಹೇಗೆ ಬಂದೀತು?

ಮುಖಪುಟ ಬೇರೆ ಕೆಲಸವನ್ನೂ ಮಾಡಬಲ್ಲದು. ಅಮೆರಿಕದ ಲಡ್ಲೋ ಎಂಬಲ್ಲಿ 1914ರ ಏಪ್ರಿಲ್ 20ರಂದು, ಮುಷ್ಕರ ಹೂಡಿದ್ದ ಕಲ್ಲಿದ್ದಲು ಗಣಿಗಾರರ ಡೇರೆಗಳ ಮೇಲೆ ಗುಂಡು ಹಾರಿತು, ಡೇರೆಗಳು ಹೊತ್ತಿ ಉರಿದವು. ಒಂದೇ ಗುಂಡಿಯಲ್ಲಿ ಅಡಗಿದ್ದ ಇಬ್ಬರು ಹೆಂಗಸರೂ 11 ಮಕ್ಕಳೂ ಸತ್ತರು. ಆ ವರ್ಷದ ಜೂನ್ ತಿಂಗಳ ‘ದಿ ಮಾಸಸ್’ ಪತ್ರಿಕೆಯ ಮುಖಪುಟಕ್ಕೆ ಜಾನ್ ಸ್ಲೋನ್ ಎಂಬ ಚಿತ್ರಕಾರ ಒಬ್ಬ ಗಣಿಗಾರನನ್ನು ಬರೆದನು: ಒಂದು ತೋಳಿನಲ್ಲಿ ಸತ್ತ ಮಗು, ಇನ್ನೊಂದು ಕೈಯಲ್ಲಿ ಪಿಸ್ತೂಲು. ಒಂದು ಶತಮಾನ ಕಳೆದರೂ ಆ ಚಿತ್ರ ಸಾಕ್ಷಿ ಹೇಳುತ್ತಿದೆ. ಅಂತಹ ಸಾಕ್ಷಿಯ ಬೆಲೆ ಗೌರಿಬಿದನೂರಿನವರಿಗೆ ಗೊತ್ತು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಬಿದ್ದವರು ಸಾಮಾನ್ಯ ಜನ. ಅವರ ಸ್ಮಾರಕ ಅಲ್ಲಿದೆ. ಆದರೆ ನಾಡಿನ ಎಷ್ಟು ಮಂದಿಯ ಕಣ್ಣಮುಂದೆ ಆ ದಿನದ ಚಿತ್ರವೊಂದು ನಿಂತಿದೆ?

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಡವನನ್ನು ಕಣ್ಣೀರು ಸುರಿಸುವ ಅನಾಥನಂತೆ ತೋರಿಸಿ ‘ಸಮಾಜ ಸೇವೆ’ ಮಾಡಿದೆವೆನ್ನುವ ಮುಖಪುಟವೂ ನಮಗೆ ಬೇಡ. ಸೀರೆಯುಟ್ಟವಳಿಗೆ ಹೆಸರಿರುತ್ತದೆ, ಹಸಿದವನಿಗೆ ಮಾತ್ರ ಹೆಸರಿರುವುದಿಲ್ಲ. ಮಂಡಿಯಲ್ಲಿ ಮೂಟೆ ಹೊರುವವನನ್ನೂ ಮಗ್ಗದ ಮುಂದೆ ಕುಳಿತವಳನ್ನೂ ಅವರವರ ಕೆಲಸದ ನಡುವೆ, ಅವರ ಒಪ್ಪಿಗೆ ಪಡೆದು, ಹೆಸರು ಹೇಳಿ ತೋರಿಸಲಿ. ನಮಗೆ ಬೇಕಾದುದು ಕನಿಕರವಲ್ಲ, ಸಮಾನತೆ.

ಇದು ಸಂಪಾದಕರಿಗೆ ಮಾತ್ರ ಬಿಟ್ಟ ವಿಷಯವಲ್ಲ. ಯಾವ ಪತ್ರಿಕೆಯನ್ನು ಕಣ್ಣಿಗೆ ಬೀಳುವಂತೆ ತೂಗುಹಾಕಬೇಕೆಂಬುದು ಅಂಗಡಿಯವರ ಕೈಯಲ್ಲಿದೆ. ಯಾವುದಕ್ಕೆ ಕಾಸು ಕೊಡಬೇಕೆಂಬುದು ಗಿರಣಿಯ ಕೆಲಸಗಾರರ ಕೈಯಲ್ಲಿದೆ. ಸಂಘದ ವಾಚನಾಲಯಗಳು ಪತ್ರಿಕೆಗಳಿಗೆ ಒಂದು ಕಾಗದ ಬರೆಯಲಿ: ಮುಂದಿನ ದೀಪಾವಳಿಯ ಸಂಚಿಕೆಯ ಮೇಲೆ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಒಬ್ಬ ಹೆಣ್ಣುಮಗಳು ಬರಲಿ, ಚಿತ್ರದ ಕೆಳಗೆ ಆಕೆಯ ಹೆಸರು, ಆಕೆ ದುಡಿಯುವ ಗಂಟೆಗಳು, ಆಕೆಗೆ ಸಿಕ್ಕುವ ಕೂಲಿ ಅಚ್ಚಾಗಲಿ. ಪಕ್ಕದಲ್ಲಿ ಸೀರೆಯ ಬೆಲೆಯನ್ನೂ ಹಾಕಲಿ. ಉಳಿದ ಲೆಕ್ಕವನ್ನು ಓದುಗರೇ ಮಾಡಿಕೊಳ್ಳುತ್ತಾರೆ.