ಇಮ್ಯುನಿಟಿ 'ಬೂಸ್ಟ್' ಮಾಡ್ತೀರಾ? ಮೊದಲು ಲಿವರ್ ಕಥೆ ಕೇಳಿ

'ಇಮ್ಯುನಿಟಿ ಬೂಸ್ಟರ್' ಅನ್ನೋ ಮಾತು ಕೇಳಿದಾಗಲೆಲ್ಲಾ ನನಗೆ ರೇಗುತ್ತೆ. ಕೋವಿಡ್ ಗಲಾಟೆ ಮುಗಿದು ವರ್ಷಗಳಾದ್ವು, ಈ ಪದ ಮಾತ್ರ ನಮ್ಮನ್ನ ಬಿಟ್ಟಿಲ್ಲ. ಕಷಾಯದ ಪುಡಿ, ಜ್ಯೂಸು, ಮಾತ್ರೆ ಎಲ್ಲದರ ಮೇಲೂ ಅದೇ. ರೋಗನಿರೋಧಕ ಶಕ್ತಿ ಅಂದ್ರೆ ಮೊಬೈಲ್ ಬ್ಯಾಟರಿ ಥರ, ಎಷ್ಟು ಚಾರ್ಜ್ ಆದ್ರೆ ಅಷ್ಟು ಒಳ್ಳೇದು ಅಂತ ನಂಬಿಬಿಟ್ಟಿದ್ದೀವಿ. ಈ ನಂಬಿಕೆ ತಪ್ಪು ಅನ್ನೋದು ನನ್ನ ವಾದ. ಎಷ್ಟು ತಪ್ಪು ಅಂತ ನೋಡೋಕೆ ಲಿವರ್‌ಗಿಂತ ಒಳ್ಳೆ ಜಾಗ ಇಲ್ಲ.

ನಾನು ಡಾಕ್ಟರ್ ಅಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯೋನು. ಆದ್ರೆ ಸರ್ವರ್‌ಗಳಿಗೆ ಅಲಾರಂ ಇಡೋ ಕೆಲಸ ಗೊತ್ತು. ತೀರಾ ಸೂಕ್ಷ್ಮ ಮಾಡಿದ್ರೆ ರಾತ್ರಿ ನಿದ್ದೆ ಇಲ್ಲ, ತೀರಾ ಮಂದ ಮಾಡಿದ್ರೆ ಬೆಳಿಗ್ಗೆ ಕೆಲಸವೇ ಇಲ್ಲ :-) ಲಿವರ್‌ನದ್ದೂ ಹೆಚ್ಚುಕಮ್ಮಿ ಇದೇ ಪಾಡು.

ಲಿವರ್‌ಗೆ ಬರೋ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿಂದ ಬರುತ್ತೆ. ಅದರ ಜೊತೆ ಕರುಳಿನ ಬ್ಯಾಕ್ಟೀರಿಯಾಗಳ ಚೂರುಪಾರೂ ದಿನಾ ಬರ್ತಾ ಇರುತ್ತೆ. ಅಲ್ಲಿ ಕಾವಲಿಗೆ ಇರೋದು ಕುಪ್ಫರ್ ಕೋಶಗಳು. ಅವುಗಳ ಮೈಮೇಲೆ ರಿಸೆಪ್ಟರ್‌ಗಳಿವೆ. (ಪಠ್ಯಪುಸ್ತಕದವರು 'ಗ್ರಾಹಕ' ಅಂತಾರೆ, ನನಗೆ ಬ್ಯಾಂಕಿನ ಕ್ಯೂ ನೆನಪಾಗುತ್ತೆ. ಅದಕ್ಕೇ ರಿಸೆಪ್ಟರ್ ಅಂತಲೇ ಬರೀತೀನಿ.) ಬ್ಯಾಕ್ಟೀರಿಯಾದ ಹೊರಪೊರೆಯ ಎಲ್‌ಪಿಎಸ್ ಅನ್ನೋ ವಸ್ತುವನ್ನ ಟಿಎಲ್‌ಆರ್4 ಅನ್ನೋ ರಿಸೆಪ್ಟರ್ ಗುರುತಿಸುತ್ತೆ ಅಂತ 1998ರಲ್ಲಿ ತೋರಿಸಿದವರು ಬ್ರೂಸ್ ಬ್ಯೂಟ್ಲರ್ ತಂಡದವರು. 2011ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ತು.

ಆಶ್ಚರ್ಯ ಏನಂದ್ರೆ, ದಿನಾ ಬರೋ ಈ ಚೂರುಗಳಿಗೆ ಕುಪ್ಫರ್ ಕೋಶ ಕೂಗಾಡೋದಿಲ್ಲ. ದಿನಾ ಹಾಲು ಹಾಕೋನಿಗೆ ಮನೆ ನಾಯಿ ಬೊಗಳುತ್ತಾ? ಹಾಗೆ. ಸುಮ್ಮನಿರೋದೂ ಅದರ ಕೆಲಸವೇ. ಈ ನಾಯಿಯನ್ನ 'ಬೂಸ್ಟ್' ಮಾಡಿದ್ರೆ ಏನಾಗುತ್ತೆ, ನೀವೇ ಯೋಚಿಸಿ.

ಈಗ ಪೆಟ್ಟು ಬಿದ್ದಾಗಿನ ಕಥೆ. ಪ್ಯಾರಸಿಟಮಾಲ್ ಉದಾಹರಣೆ ತಗೊಳ್ಳಿ. ಮಿತಿಯಲ್ಲಿದ್ರೆ ಸುರಕ್ಷಿತ. ಮಿತಿ ಮೀರಿದ್ರೆ ಲಿವರ್‌ನಲ್ಲಿ ಅದರಿಂದ ಹುಟ್ಟೋ ವಿಷವಸ್ತು ಗ್ಲುಟಾಥಯೋನ್ ದಾಸ್ತಾನನ್ನ ಖಾಲಿ ಮಾಡಿ ಕೋಶಗಳನ್ನ ಕೊಲ್ಲುತ್ತೆ. ಇಲ್ಲಿ ಯಾವ ರೋಗಾಣುವೂ ಇಲ್ಲ. ಆದ್ರೂ ಉರಿಯೂತ ಶುರುವಾಗುತ್ತೆ, ಯಾಕಂದ್ರೆ ಸತ್ತ ಕೋಶಗಳಿಂದ ಹೊರಚೆಲ್ಲಿದ ಡಿಎನ್‌ಎಯನ್ನ ಟಿಎಲ್‌ಆರ್9 ಅನ್ನೋ ಇನ್ನೊಂದು ರಿಸೆಪ್ಟರ್ ಅಪಾಯದ ಸೂಚನೆ ಅಂತ ಓದಿಕೊಳ್ಳುತ್ತೆ. ಇಲಿಗಳಲ್ಲಿ ಈ ರಿಸೆಪ್ಟರನ್ನ ತಡೆದಾಗ ಹಾನಿ ಕಮ್ಮಿಯಾಯ್ತು ಅಂತ 2009ರಲ್ಲಿ ವರದಿಯಾಯ್ತು.

ಹಾಗಿದ್ರೆ ಬೂಸ್ಟ್ ಬೇಡ, ಆಫ್ ಮಾಡೋಣ ಅಂತೀರಾ? ಅದೂ ಅಷ್ಟು ಸಲೀಸಲ್ಲ ಸ್ವಾಮಿ!

ರಕ್ತದಿಂದ ಮಾನೋಸೈಟ್ ಅನ್ನೋ ಕೋಶಗಳನ್ನ ಲಿವರ್‌ಗೆ ಕರೆಸೋದು ಸಿಸಿಆರ್2 ರಿಸೆಪ್ಟರ್. ಪ್ಯಾರಸಿಟಮಾಲ್ ಕೊಟ್ಟ ಇಲಿಗಳಲ್ಲಿ ಶುರುವಿನಲ್ಲೇ ಈ ದಾರಿ ಮುಚ್ಚಿದ್ರೆ ಹಾನಿ ಕಮ್ಮಿ. ಹುಟ್ಟಿನಿಂದಲೇ ಈ ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ ಲಿವರ್ ರಿಪೇರಿಯೇ ತಡ. ಕಾರಣ, ಮೊದಲು ಜಗಳಕ್ಕೆ ಬಂದ ಕೋಶಗಳೇ ಆಮೇಲೆ ಗುಣ ಬದಲಿಸಿ ಕಸ ಗುಡಿಸ್ತವೆ. ಸತ್ತ ಕೋಶ ನುಂಗಿ ಉರಿಯೂತ ತಣಿಸೋಕೆ ಮರ್‌ಟಿಕೆ ಅನ್ನೋ ಬೇರೆ ರಿಸೆಪ್ಟರ್ ಇದೆ.

ಮನುಷ್ಯರ ಕಥೆ ಇನ್ನೂ ಪಾಠ ಕಲಿಸುತ್ತೆ. ಕುಡಿತದಿಂದ ಬರೋ ತೀವ್ರ ಹೆಪಟೈಟಿಸ್‌ನಲ್ಲಿ ಟಿಎನ್‌ಎಫ್ ಅನ್ನೋ ಉರಿಯೂತದ ಸಂದೇಶ ಜಾಸ್ತಿ ಇರುತ್ತೆ. ಅದನ್ನ ಹಿಡಿದಿಡೋಕೆ ಎಟನರ್ಸೆಪ್ಟ್ ಅನ್ನೋ ನಕಲಿ ರಿಸೆಪ್ಟರನ್ನ 48 ರೋಗಿಗಳ ಪ್ರಯೋಗದಲ್ಲಿ ಬಳಸಿದ್ರು. 2008ರಲ್ಲಿ ಫಲಿತಾಂಶ ಬಂತು: ಆರು ತಿಂಗಳಲ್ಲಿ ಔಷಧ ತಗೊಂಡ ಗುಂಪಿನಲ್ಲೇ ಸಾವು ಹೆಚ್ಚು, ಸೋಂಕೂ ಹೆಚ್ಚು. ಅದೇ ಟಿಎನ್‌ಎಫ್‌ನ ರಿಸೆಪ್ಟರ್ ಇಲ್ಲದಿದ್ರೆ ಕತ್ತರಿಸಿದ ಲಿವರ್ ಸರಿಯಾಗಿ ಮತ್ತೆ ಬೆಳೆಯಲ್ಲ ಅಂತ 1997ರಲ್ಲೇ ಇಲಿಗಳಲ್ಲಿ ಕಂಡಿತ್ತು. ಇನ್ನು ಸಿಸಿಆರ್2 ಮತ್ತು ಸಿಸಿಆರ್5 ಎರಡನ್ನೂ ತಡೆಯೋ ಸೆನಿಕ್ರಿವಿರಾಕ್ ಔಷಧದ ದೊಡ್ಡ ಪ್ರಯೋಗವನ್ನ, ಕೊಬ್ಬಿನ ಲಿವರ್ ಕಾಯಿಲೆಯಲ್ಲಿ ಪ್ರಯೋಜನ ಕಾಣದೆ 2021ರಲ್ಲಿ ನಿಲ್ಲಿಸಿದ್ರು.

ಜೀವಮಾನವಿಡೀ ಇದನ್ನೇ ಓದಿದವರು, ಒಂದೊಂದೇ ರಿಸೆಪ್ಟರ್ ಗುರಿಯಿಟ್ಟು ಹೊಡೆದವರೇ ಹೀಗೆ ಎಡವಿದ್ದಾರೆ. ನಾವು ಯಾವ ರಿಸೆಪ್ಟರ್, ಯಾವಾಗ, ಎಷ್ಟು ಅಂತ ಒಂದೂ ಗೊತ್ತಿಲ್ಲದೆ ಲೋಟಗಟ್ಟಲೆ 'ಬೂಸ್ಟ್' ಕುಡೀತೀವಿ!

2021ರಲ್ಲಿ ಮುಂಬೈ ವೈದ್ಯರು ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ತಗೊಂಡು ಲಿವರ್ ಹಾನಿಯಾದ ಆರು ಜನರ ಬಗ್ಗೆ ಬರೆದ್ರು. ಗಿಡ ಯಾವುದು ಅಂತಲೇ ಸರಿಯಾಗಿ ಪರೀಕ್ಷಿಸಿಲ್ಲ ಅಂತ ಆಯುಷ್ ಸಚಿವಾಲಯ ಆಕ್ಷೇಪಿಸಿತು. ನ್ಯಾಯವಾದ ಪ್ರಶ್ನೆಯೇ. 2022ರಲ್ಲಿ ದೇಶದ 13 ಆಸ್ಪತ್ರೆಗಳಿಂದ ಇಂಥ 43 ರೋಗಿಗಳ ವರದಿ ಬಂತು. ಹಲವರಲ್ಲಿ ದೇಹದ ರಕ್ಷಣಾಪಡೆಯೇ ಲಿವರ್ ಮೇಲೆ ತಿರುಗಿಬಿದ್ದ ಲಕ್ಷಣಗಳಿದ್ವು. ಒಳಗೆ ಮಲಗಿದ್ದ ಕಾಯಿಲೆಯನ್ನ ಕಷಾಯ ಎಬ್ಬಿಸಿರಬಹುದು ಅನ್ನೋದು ಆ ವೈದ್ಯರ ಶಂಕೆ.

ಅಮೃತಬಳ್ಳಿ ಕುಡಿದವರೆಲ್ಲಾ ಆಸ್ಪತ್ರೆ ಸೇರ್ತಾರೆ ಅಂತ ನಾನು ಹೇಳ್ತಿಲ್ಲ, ಅಜ್ಜಿ ಮದ್ದನ್ನ ಬೈಯೋಕೂ ಬಂದಿಲ್ಲ. ಅಜ್ಜಿ ಜ್ವರ ಬಂದಾಗ ನಾಲ್ಕು ದಿನ ಕಷಾಯ ಕೊಡ್ತಿದ್ರು. ವರ್ಷವಿಡೀ ಬೆಳಿಗ್ಗೆ ಸಂಜೆ 'ಪ್ರಿವೆನ್ಷನ್' ಅಂತ ಕುಡಿಸ್ತಿರಲಿಲ್ಲ. ಅದು ಲೇಬಲ್ ಅಂಟಿಸಿದವರ ಕರಾಮತ್ತು.

ಥೈರಾಯ್ಡ್, ಸಕ್ಕರೆ ಕಾಯಿಲೆ ಅಥವಾ ಆಟೋಇಮ್ಯೂನ್ ತೊಂದರೆ ಇದ್ದು ಹಿರಿಯರು ಮನೇಲಿ ಇಂಥದ್ದನ್ನ ದಿನಾ ತಗೊಳ್ತಿದ್ರೆ ಅವರ ಡಾಕ್ಟರಿಗೆ ಹೇಳಿ. "ಅದು ಔಷಧಿ ಅಲ್ಲ, ಬರೀ ಕಷಾಯ" ಅಂತ ಮುಚ್ಚಿಡಬೇಡಿ. ಕಣ್ಣು ಹಳದಿಯಾದ್ರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದ್ರೆ ಕಾಯಬೇಡಿ.

ಬ್ಲಾಗಿಗ ಮಿತ್ರರಲ್ಲಿ ಒಂದು ಕೋರಿಕೆ. ಆರೋಗ್ಯದ ಬಗ್ಗೆ ಬರೆಯುವಾಗ 'ಶಕ್ತಿ ಹೆಚ್ಚಿಸುತ್ತೆ' ಅನ್ನೋ ಸಾಲು ಬೆರಳ ತುದಿಗೆ ಬಂದ್ರೆ, ಒಂದು ಕ್ಷಣ ನಿಲ್ಲಿ. ಯಾವ ಶಕ್ತಿ, ಯಾವಾಗ, ಯಾರಿಗೆ ಅಂತ ಕೇಳಿಕೊಳ್ಳಿ. ಉತ್ತರ ಸಿಗದಿದ್ರೆ ಬ್ಯಾಕ್‌ಸ್ಪೇಸ್ ಒತ್ತಿ. ಏನಂತೀರಾ?