ಹಳೆಯ ಉಪಕರಣಗಳೂ ನಮ್ಮ ಅನಾದರವೂ

ಹಳೆಯ ಕಬ್ಬಿಣಕ್ಕೆ ತೂಕದ ಬೆಲೆಯಲ್ಲದೆ ಬೇರೆ ಬೆಲೆಯುಂಟೆ ಎಂದು ಕೇಳುವ ವಿದ್ಯಾವಂತರು ನಮ್ಮಲ್ಲಿ ಅನೇಕರಿರುವರು. ಉಂಟೆಂದು ಹೇಳುವುದಕ್ಕಾಗಿಯೇ ಈ ಲೇಖನ.

ವಾಚಕರು ತಮ್ಮ ಕಾಲ ಕೆಳಗಿನ ಪರಸಿಯನ್ನೊಮ್ಮೆ ನೋಡಲಿ. ಶಹಾಬಾದಿನ ಸುಣ್ಣಗಲ್ಲು ನೆಲದಲ್ಲಿ ಪದರಪದರವಾಗಿ ಮಲಗಿರುವುದು. ಮೇಲ್ಮಣ್ಣನ್ನು ತೆಗೆದು, ಉಳಿಯಿಂದ ಗೆರೆ ಹೊಡೆದು, ಸಂದಿನಲ್ಲಿ ಹಾರೆಯಿಟ್ಟು ಮೀಟಿ ಹಾಸುಗಲ್ಲನ್ನು ಒಡೆಯದಂತೆ ಎಬ್ಬಿಸುವುದು ಬರಿಯ ತೋಳ್ಬಲದ ಕೆಲಸವಲ್ಲ. ಸುತ್ತಿಗೆಯ ದನಿಯಿಂದಲೇ ಕಲ್ಲಿನ ಒಳಬಿರುಕನ್ನು ಅರಿಯುವ ಕಿವಿಯೂ ಬೇಕು. ಚಿತಾಪುರ ತಾಲ್ಲೂಕಿನ ಕನಗನಹಳ್ಳಿಯ ಸ್ತೂಪದಲ್ಲಿ ದೊರೆತ, ಅಶೋಕನ ಹೆಸರನ್ನು ಬ್ರಾಹ್ಮಿಯಲ್ಲಿ ಹೊತ್ತ ಶಿಲ್ಪವೂ ಸುಣ್ಣಗಲ್ಲಿನದೇ. ಶಿಲ್ಪವನ್ನು ಕೊಂಡಾಡುವ ನಾವು ಉಳಿಯನ್ನು ಗುಜರಿಗೆ ಹಾಕುವುದು ಯಾವ ನ್ಯಾಯ?

ಮುಂಬಯಿಯ ರೈಲುಹಾದಿ ೧೮೭೧ರಲ್ಲಿ ಈ ಸೀಮೆಯನ್ನು ಹಾಯ್ದು ರಾಯಚೂರು ಮುಟ್ಟಿತು. ವಾಡಿಯಿಂದ ಚಿತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ನಿಜಾಮರ ಹಾದಿ ೧೮೭೪ರಲ್ಲಿ ತೆರೆಯಿತು. ೧೯೬೮ರಲ್ಲಿ ವಾಡಿಗೆ ಸಿಮೆಂಟಿನ ದೊಡ್ಡ ಕಾರ್ಖಾನೆ ಬಂದಿತು. ಇಷ್ಟೊಂದು ಯಂತ್ರಗಳನ್ನು ಕಂಡ ನೆಲದಲ್ಲಿ ಯಂತ್ರದ ನೆನಪಿಗೆ ಇಷ್ಟೊಂದು ಬರವೇ? ಮೈಸೂರಿನವರು ೧೯೭೯ರಲ್ಲಿಯೇ ಹಳೆಯ ಉಗಿಬಂಡಿಗಳಿಗೆ ಸಂಗ್ರಹಾಲಯ ಮಾಡಿದರು. ಧರ್ಮಸ್ಥಳದಲ್ಲಿ ಹಳೆಯ ಮೋಟಾರುಗಳು ಮಿರುಗುತ್ತಿರುವವು. ಅದು ಸಂತೋಷವೇ. ಆದರೆ ದೊರೆ ಕುಳಿತ ಗಾಡಿಗೆ ಸಲ್ಲುವ ಗೌರವವು ಕೂಲಿಯವನು ಹಿಡಿದ ಹಾರೆಗೂ, ಚಿಂಚೋಳಿಯ ಒಕ್ಕಲಿಗನು ತೊಗರಿ ಬಿತ್ತಿದ ಕೂರಿಗೆಗೂ, ಅದೇ ತೊಗರಿಯನ್ನು ಬೇಳೆ ಮಾಡಿದ ನಮ್ಮ ಅಜ್ಜಿಯರ ಬೀಸುಕಲ್ಲಿಗೂ ಏಕೆ ಸಲ್ಲಬಾರದು?

"ಇದು ಕಷ್ಟದ ದಿನಗಳನ್ನು ಪೂಜಿಸುವ ಮರುಳು, ಬಡವನ ಬೆನ್ನುನೋವಿಗೆ ಹಾರ ಹಾಕುವಿರಾ?" ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪಣೆ ಹುರುಳಿಲ್ಲದುದಲ್ಲ. ಕಲ್ಲಿನ ಧೂಳು ಎದೆಗೂಡನ್ನು ಕೆಡಿಸುವುದು. ಬಿಸಿಲಿನ ಗಣಿಗೆ ಯಾರನ್ನೂ ಮರಳಿ ದೂಡಬೇಕೆಂದು ನಾವು ಹೇಳುವುದಿಲ್ಲ. ಗರಗಸದ ಯಂತ್ರವು ಶ್ರಮವನ್ನು ಇಳಿಸಿದ್ದರೆ ಅದಕ್ಕೆ ಸ್ವಾಗತವೇ. ಆದರೆ ಶ್ರಮವನ್ನು ಬಿಡುವುದು ಬೇರೆ, ಶ್ರಮಿಸಿದವನ ಜಾಣ್ಮೆಯನ್ನು ಮರೆಯುವುದು ಬೇರೆ. ಉಪಕರಣವು ಹೋದರೆ ಆ ಬೆನ್ನುನೋವಿಗೆ ಸಾಕ್ಷಿಯೂ ಹೋಯಿತು.

ಆದಕಾರಣ ಮಾಡತಕ್ಕದ್ದಿಷ್ಟು: ಶಹಾಬಾದಿನಲ್ಲಾಗಲಿ ವಾಡಿಯಲ್ಲಾಗಲಿ ಒಂದು ಕೊಠಡಿ ದೊರೆಯಲಿ. ಪ್ರತಿಯೊಂದು ಉಪಕರಣದ ಹೆಸರನ್ನೂ ಬಳಕೆಯನ್ನೂ ಅದನ್ನು ಹಿಡಿದವರ ಬಾಯಿಂದಲೇ ಬರೆದುಕೊಳ್ಳಬೇಕು. ತಿಂಗಳಿಗೊಮ್ಮೆ ಮುದುಕ ಕಲ್ಲುಕುಟಿಗನೊಬ್ಬನನ್ನು ಶಾಲೆಗೆ ಕರೆದು, ಗುರುವಿಗೆ ಸಲ್ಲುವ ಆಸನವನ್ನೂ ಸಂಭಾವನೆಯನ್ನೂ ಅವನಿಗೆ ಕೊಡಬೇಕು. ಗಾಜಿನ ಪೆಟ್ಟಿಗೆ ಆಮೇಲೆ ಬಂದರೂ ಆದೀತು. ಉಳಿಯನ್ನು ಮುಂದಿನ ವರುಷವೂ ಕೊಳ್ಳಬಹುದು. ಅದನ್ನು ಬಲ್ಲ ಕೈಯಾದರೋ ನಮಗಾಗಿ ಕಾದಿರುವುದಿಲ್ಲ.